ಸಂಘಕ್ಕೆ ಸೇರಿದರೆ ಏನು ಸಿಗುತ್ತೆ?

ಪ್ರಶ್ನೆ: ಧಾರವಾಡದಲ್ಲಿ ಕ್ರಿಮಿನಾಲಜಿ ಪಿಜಿ ಮಾಡುತ್ತಿದ್ದೇನೆ. ಯಾವುದಾದರೂ ಅಪರಾಧಶಾಸ್ತ್ರ ಸಂಘದ ಸದಸ್ಯಳಾಗು ಅಂತ ಸೀನಿಯರ್‌ಗಳು ಹೇಳುತ್ತಾರೆ. ದುಡ್ಡು ಕಟ್ಟಿ ಸರ್ಟಿಫಿಕೇಟ್ ತಂದು ಏನು ಮಾಡ್ತೀಯ ಅಂತ ಅಪ್ಪ ಕೇಳುತ್ತಾರೆ. ಸೇರಲಾ? ಯಾವುದಕ್ಕೆ?
— ಓದುಗಿ, ಸಕಲೇಶಪುರ

ಉತ್ತರ: ಸೇರಿ. ಆದರೆ ಒಂದಕ್ಕೆ ಸಾಕು, ಅದೂ ಓದುತ್ತಿರುವಾಗಲೇ. ವಿದ್ಯಾರ್ಥಿಗಳಿಗೆ ಶುಲ್ಕ ಸಾಮಾನ್ಯವಾಗಿ ಕಡಿಮೆ ಇರುತ್ತೆ. 1970ರಲ್ಲಿ ಶುರುವಾದ ಇಂಡಿಯನ್ ಸೊಸೈಟಿ ಆಫ್ ಕ್ರಿಮಿನಾಲಜಿ ನಮ್ಮಲ್ಲಿ ಹಳೆಯದು. ಮದ್ರಾಸ್ ವಿಶ್ವವಿದ್ಯಾಲಯದ ಕ್ರಿಮಿನಾಲಜಿ ವಿಭಾಗದ ಜೊತೆ ಅದರ ನಂಟು, ಅದರದ್ದೇ ಜರ್ನಲ್ ಕೂಡ ಇದೆ. ಅಪರಾಧದಿಂದ ನೊಂದವರ ಬಗ್ಗೆ ಕೆಲಸ ಮಾಡುವ ಆಸೆಯಿದ್ದರೆ ಇಂಡಿಯನ್ ಸೊಸೈಟಿ ಆಫ್ ವಿಕ್ಟಿಮಾಲಜಿ ನೋಡಿ. 1941ರಲ್ಲಿ ಹುಟ್ಟಿದ ಅಮೆರಿಕನ್ ಸೊಸೈಟಿ ಆಫ್ ಕ್ರಿಮಿನಾಲಜಿ ದೊಡ್ಡದೇ, ಆದರೆ ಹೊರದೇಶದಲ್ಲಿ ಪಿಎಚ್‌ಡಿ ಮಾಡುವ ಮನಸ್ಸಿಲ್ಲದಿದ್ದರೆ ಈಗ ಬೇಡ.

ಅಪ್ಪ ಹೇಳೋದೂ ನಿಜ. ಸರ್ಟಿಫಿಕೇಟ್ ಫೈಲಲ್ಲಿಟ್ಟರೆ ಏನೂ ಬರಲ್ಲ. ಸಂಘದ ಸಮ್ಮೇಳನಕ್ಕೆ ಹೋಗಿ ನಿಮ್ಮದೇ ಸಂಶೋಧನಾ ಪೇಪರ್ ಓದಬೇಕು. ವಿಷಯ ನಿಮ್ಮೂರಲ್ಲೇ ಇದೆ. ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಹರಡಿದ ಕಾಫಿ ರಾತ್ರೋರಾತ್ರಿ ಮಾಯ, ಬಳ್ಳಿಯಲ್ಲಿದ್ದ ಮೆಣಸೂ ಮಾಯ. ಎಷ್ಟು ಬೆಳೆಗಾರರು ದೂರು ಕೊಡ್ತಾರೆ, ಎಷ್ಟು ಜನ ಸುಮ್ನಾಗ್ತಾರೆ, ಯಾಕೆ ಸುಮ್ನಾಗ್ತಾರೆ? ಠಾಣೆಯ ಲೆಕ್ಕಕ್ಕೆ ಬಾರದ ಇಂಥ ಅಪರಾಧಗಳನ್ನೇ ನಿಮ್ಮ ಪಾಠದಲ್ಲಿ ಡಾರ್ಕ್ ಫಿಗರ್ ಅನ್ನೋದು, ಅಲ್ವಾ? ತೋಟದ ಲೆಕ್ಕ ಬರೆಯುವ ರೈಟರು, ಕಾವಲಿನವರು, ಕೂಲಿ ಹೆಂಗಸರು ನಿಮ್ಮ ಹತ್ತಿರ ಬಾಯಿಬಿಟ್ಟು ಮಾತಾಡಿದ ಹಾಗೆ ಬೆಂಗಳೂರಿಂದ ಬಂದ ಸಂಶೋಧಕರ ಹತ್ತಿರ ಮಾತಾಡಲ್ಲ, ಇದು ನಿಮ್ಮ ದೊಡ್ಡ ಬಲ. ಒಪ್ಪಿಗೆ ಕೇಳಿಯೇ ಮಾತಾಡಿಸಿ, ಯಾರ ಹೆಸರನ್ನೂ ಬರೆಯಬೇಡಿ.

ಪೇಪರ್ ಓದೋದು ಕೆಲವೇ ನಿಮಿಷ. ಅಸಲು ಲಾಭ ಆಮೇಲಿನ ಟೀ ಬ್ರೇಕಲ್ಲಿ. ನಿಮಗೆ ಪ್ರಶ್ನೆ ಕೇಳಿದವರ ಹತ್ತಿರ ನೀವೇ ಹೋಗಿ, ಮುಂದೆ ಏನು ಓದಲಿ, ಪಿಎಚ್‌ಡಿಗೆ ಯಾರನ್ನು ಕೇಳಲಿ ಅಂತ ವಿಚಾರಿಸಿ. ನಾಚಿಕೆ ಬೇಡ. ಜೈಲಿನಲ್ಲೋ ಬಾಲ ನ್ಯಾಯ ಮಂಡಳಿಯಲ್ಲೋ ಕೆಲಸ ಮಾಡಿದವರು ಸಿಕ್ಕರೆ ತಪ್ಪು ಮಾಡಿದವರ ಮೇಲೆ ಜೈಲಿನ ಹೊರಗೆ ನಿಗಾ ಇಟ್ಟು ತಿದ್ದುವ ಪ್ರೊಬೇಷನ್ ಅಧಿಕಾರಿಯ ಕೆಲಸ ದಿನಾ ಹೇಗಿರುತ್ತೆ ಅಂತ ಕೇಳಿ, ಪುಸ್ತಕದಲ್ಲಿ ಅದು ಸಿಗಲ್ಲ.

ರಜೆಗೆ ಊರಿಗೆ ಬಂದಾಗ ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಹೋಗಿ ಬನ್ನಿ. ಕಾನೂನು ನೆರವು ಬೇಕಾದ ಜನರಿಗೂ ಪ್ರಾಧಿಕಾರಕ್ಕೂ ಸೇತುವೆಯಾಗುವ ಅರೆ ಕಾನೂನು ಸ್ವಯಂಸೇವಕರ (ಪ್ಯಾರಾ ಲೀಗಲ್ ವಾಲಂಟಿಯರ್) ಕೆಲಸಕ್ಕೆ ಯಾವಾಗ ಅರ್ಜಿ ಕರೆಯುತ್ತಾರೆ ಅಂತ ಕೇಳಿ. ನನ್ನ ಪ್ರಕಾರ ಇದಕ್ಕೂ ಸಂಘದಷ್ಟೇ ತೂಕ.

ದುಡ್ಡು ಕಟ್ಟುವ ಮೊದಲು ಮುಂದಿನ ಸಮ್ಮೇಳನ ಎಲ್ಲಿ, ಪೇಪರಿನ ಸಾರಾಂಶ ಕಳಿಸಲು ಕೊನೆ ದಿನ ಯಾವಾಗ ಅಂತ ನಿಮ್ಮ ವಿಭಾಗದ ಮೇಷ್ಟ್ರನ್ನು ಕೇಳಿ.