ಮೂರು ತಿಂಗಳ ಮಾತ್ರೆ, ಆರು ತಿಂಗಳ ವಾಸ

ತಮ್ಮ,

ಅಮೆರಿಕಕ್ಕೆ ಹೋಗಿ ನಾಲ್ಕು ತಿಂಗಳಾದ ನೀವು, ದಾವಣಗೆರೆಯ ವಿದ್ಯಾನಗರದಲ್ಲಿರುವ ತಂದೆತಾಯಿಯರನ್ನು ಮೇ ತಿಂಗಳಿನಲ್ಲಿ ಆರು ತಿಂಗಳ ಮಟ್ಟಿಗೆ ಕರೆಸಿಕೊಳ್ಳುತ್ತಿರುವುದಾಗಿ ಬರೆದಿದ್ದೀರಿ. ತಂದೆಯವರ ಬಿಪಿ ಮಾತ್ರೆಗಳನ್ನೂ ತಾಯಿಯವರ ಇನ್ಸುಲಿನ್ನನ್ನೂ ಎಷ್ಟು ತರಬಹುದು, ವಿಮೆ ಮಾಡಿಸಲೇಬೇಕೇ, ಅಲ್ಲಿನ ಡಾಕ್ಟರುಗಳು ಹೇಗೆ ಎಂದು ಕೇಳಿದ್ದೀರಿ. ನಾನು ನ್ಯೂಜೆರ್ಸಿ ಸೇರಿದ್ದು 1998ರಲ್ಲಿ. ಪ್ರತಿವರ್ಷದಂತೆ ಈಗ ಊರಿಗೆ ಬಂದಿದ್ದು, ಪಿ.ಜೆ. ಬಡಾವಣೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಪ್ರಶ್ನೆ ಓದಿದ ಕೂಡಲೇ ನಾನು ಅಲ್ಲಿಗೆ ಹೋದ ಎರಡನೆಯ ವಾರದಲ್ಲಿ ಬಂದ ಜ್ವರ ನೆನಪಾಯಿತು. ನಮ್ಮ ಮನೆ ಡಾಕ್ಟರು ಕೊಟ್ಟಿದ್ದ ಮಾತ್ರೆಗಳನ್ನು ಅವ್ವ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಬಿಳಿಯದು ಜ್ವರಕ್ಕೋ ಹೊಟ್ಟೆನೋವಿಗೋ, ಹಳದಿಯದು ಯಾವುದಕ್ಕೋ ನನಗೆ ನೆನಪಿರಲಿಲ್ಲ. ಅಂಗಡಿಗೆ ಹೋಗಿ, ಮಾಡಿನೆತ್ತರದ ಕಪಾಟುಗಳ ಮುಂದೆ ನಡುಗುತ್ತಾ ನಿಂತು, ಪ್ಯಾರಾಸಿಟಮಾಲ್ ಎಂಬ ಹೆಸರಿಗಾಗಿ ಒಂದೊಂದೇ ಡಬ್ಬಿ ತಿರುಗಿಸಿ ನೋಡಿದೆ. ಎಲ್ಲಿಯೂ ಸಿಗಲಿಲ್ಲ, ಬರಿಗೈಯಲ್ಲಿ ಕೋಣೆಗೆ ಮರಳಿದೆ. ಅದೇ ಔಷಧಿಗೆ ಅಲ್ಲಿ ಅಸಿಟಮಿನೊಫೆನ್ ಎನ್ನುತ್ತಾರೆ, ಟೈಲೆನಾಲ್ ಎಂದು ಮಾರುತ್ತಾರೆ ಎಂಬುದು ಮರುದಿನ ಗೊತ್ತಾಯಿತು. ಉಬ್ಬಸಕ್ಕೆ ನಮ್ಮಲ್ಲಿ ಕೊಡುವ ಸಾಲ್ಬ್ಯುಟಮಾಲ್ ಕೂಡ ಅಲ್ಲಿ ಆಲ್ಬ್ಯುಟೆರಾಲ್ ಆಗುತ್ತದೆ.

ಆದ್ದರಿಂದ ಮೊದಲ ಕೆಲಸವೆಂದರೆ, ನಿಮ್ಮ ತಂದೆಯವರು ತಮ್ಮ ಡಾಕ್ಟರಿಂದ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದ ಪತ್ರವೊಂದನ್ನು ಪಡೆಯಬೇಕು. ಅದರಲ್ಲಿ ಕಾಯಿಲೆ ಯಾವುದು, ಔಷಧಿಯ ಮೂಲ ಹೆಸರೇನು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂಬುದೆಲ್ಲ ಇರಬೇಕು. ಕಂಪನಿಯ ಹೆಸರು ಅಲ್ಲಿ ಉಪಯೋಗಕ್ಕೆ ಬಾರದು. ಮೂಲ ಹೆಸರು ಸ್ಟ್ರಿಪ್ಪಿನ ಮೇಲೆಯೇ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಅದಕ್ಕಾಗಿಯೇ ಸ್ಟ್ರಿಪ್ಪುಗಳನ್ನು ಕತ್ತರಿಸಿ ಬಿಡಿ ಮಾಡದೆ, ಹಾಗೆಯೇ, ಅಂಗಡಿಯ ಬಿಲ್ಲಿನ ಸಮೇತ ತರಬೇಕು. ಹೆಸರಿಲ್ಲದ ಕಷಾಯದ ಪುಡಿ, ಭಸ್ಮ, ಯಾರೋ ಕೊಟ್ಟ ಎಣ್ಣೆ, ಇವು ಯಾವುವೂ ಬೇಡ. ನೋವಿಗೆಂದು ನಮ್ಮಲ್ಲಿ ಧಾರಾಳವಾಗಿ ನುಂಗುವ ನಿಮೆಸುಲೈಡ್‌ಗೆ ಅಮೆರಿಕದಲ್ಲಿ ಅನುಮತಿಯೇ ಇಲ್ಲ. ಡೋಲೋ ತಂದುಕೊಳ್ಳಲಿ, ಆದರೆ ಅಲ್ಲಿನ ಶೀತದ ಔಷಧಿಗಳಲ್ಲಿ ಬಹಳಷ್ಟಕ್ಕೆ ಅದೇ ಪ್ಯಾರಾಸಿಟಮಾಲ್ ಬೆರೆಸಿರುತ್ತಾರೆ. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಲೆಕ್ಕ ತಪ್ಪಿ ಯಕೃತ್ತಿಗೆ ಪೆಟ್ಟು ಬೀಳುತ್ತದೆ. ಆ್ಯಂಟಿಬಯಾಟಿಕ್ ಮಾತ್ರೆಗಳನ್ನು ಚೀಟಿಯಿಲ್ಲದೆ ಅಲ್ಲಿ ಯಾರೂ ಕೊಡುವುದಿಲ್ಲ.

ತಾಯಿಯವರ ಇನ್ಸುಲಿನ್ ವಿಷಯದಲ್ಲಿ ಒಂದು ಮಾತನ್ನು ಬಹಳ ಎಚ್ಚರಿಕೆಯಿಂದ ಓದಬೇಕು. ನಮ್ಮಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನದು, ಅದರ ಸಿರಿಂಜೂ ಅದೇ ಅಳತೆಯದು. ಅಮೆರಿಕದಲ್ಲಿ ಸಿಗುವ ಸಿರಿಂಜು 100 ಯೂನಿಟ್‌ನ ಅಳತೆಯದು. ಇಲ್ಲಿಂದ ತಂದ ಸೀಸೆಯ ಔಷಧಿಯನ್ನು ಅಲ್ಲಿನ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ದೇಹಕ್ಕೆ ಹೋಗುವುದು ಬರೀ 8 ಯೂನಿಟ್. ಅಲ್ಲಿನ ಔಷಧಿಯನ್ನು ಇಲ್ಲಿನ ಸಿರಿಂಜಿನಲ್ಲಿ ಅದೇ ಗೆರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ, ಅದು ಪ್ರಾಣಕ್ಕೇ ಸಂಚಕಾರ. ಸಿರಿಂಜುಗಳನ್ನು ಇಲ್ಲಿಂದಲೇ ಸಾಕಷ್ಟು ತರಲಿ. ಇನ್ಸುಲಿನ್ ಯಾವ ಕಾರಣಕ್ಕೂ ದೊಡ್ಡ ಸೂಟ್‌ಕೇಸಿಗೆ ಹೋಗಬಾರದು. ವಿಮಾನದ ಹೊಟ್ಟೆಯ ಚಳಿಗೆ ಅದು ಹೆಪ್ಪುಗಟ್ಟಿ ಕೆಡಬಹುದು. ಮಾತ್ರೆಗಳೂ ಅಷ್ಟೇ, ಕೈಚೀಲದಲ್ಲಿಯೇ ಇರಲಿ.

ಸ್ವಂತ ಬಳಕೆಗೆ ಸಾಮಾನ್ಯವಾಗಿ 90 ದಿನಗಳಿಗೆ ಸಾಕಾಗುವಷ್ಟು ಔಷಧಿ ತರಬಹುದು ಎಂಬುದು ಅಲ್ಲಿನ ವಾಡಿಕೆ. ನಿಮ್ಮವರು ಇರುವುದು ಆರು ತಿಂಗಳು. ಈ ಅಂತರವನ್ನು ಹೇಗೆ ತುಂಬುವುದು ಎಂದು ಟಿಕೆಟ್ ತೆಗೆಸುವ ಮೊದಲೇ ಯೋಚಿಸಬೇಕೆಂದು ಕೈಮುಗಿದು ಕೇಳುತ್ತೇನೆ, ಏಕೆಂದರೆ ನಾನು ಯೋಚಿಸಲಿಲ್ಲ.

2009ರ ಮಾರ್ಚಿನಲ್ಲಿ ಅವ್ವ ನನ್ನ ಹೆಂಡತಿಯ ಬಾಣಂತನಕ್ಕೆಂದು ಬಂದಳು. ಮೂರು ತಿಂಗಳ ಬಿಪಿ ಮಾತ್ರೆ ತಂದಿದ್ದಳು. ಉಳಿದದ್ದನ್ನು ಡಾಕ್ಟರ ಪತ್ರ, ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಗಳ ಜೊತೆಗೆ ಊರಿನಿಂದ ತರಿಸಿಕೊಳ್ಳಬಹುದಿತ್ತು, ಇಲ್ಲವೇ ಅಲ್ಲಿಯೇ ಒಬ್ಬ ಡಾಕ್ಟರಿಗೆ ತೋರಿಸಿ ಚೀಟಿ ಬರೆಸಬಹುದಿತ್ತು. ಕೂಸು ಬಂದ ಗದ್ದಲದಲ್ಲಿ ಇವತ್ತು ನಾಳೆ ಎನ್ನುತ್ತಾ ಮುಂದೂಡಿದೆ. ಒಂದು ರಾತ್ರಿ ಊಟದ ಹೊತ್ತಿನಲ್ಲಿ, ಕೂಸನ್ನು ಡಾಕ್ಟರಿಗೆ ತೋರಿಸಿದ್ದಕ್ಕೆ ಬಂದ ಬಿಲ್ಲು ಹಿಡಿದು ನಾನು ಹೆಂಡತಿಯ ಮುಂದೆ ಗೊಣಗಿದೆ. ಅವ್ವ ರೊಟ್ಟಿ ಮುರಿಯುತ್ತಾ ಕೇಳಿಸಿಕೊಂಡಳು, ಏನೂ ಹೇಳಲಿಲ್ಲ.

ಮರುದಿನದಿಂದ ಅವಳು ಮಾತ್ರೆಯನ್ನು ಅರ್ಧ ಮಾಡತೊಡಗಿದಳು. ಇದು ನನಗೆ ತಿಳಿದದ್ದು ಆಗಸ್ಟಿನಲ್ಲಿ, ಅವಳು ಆಸ್ಪತ್ರೆ ಸೇರಿದ ಮೇಲೆ. ನಾಲ್ಕು ದಿನಗಳಿಂದ ತಲೆ ಸಿಡಿಯುತ್ತಿತ್ತಂತೆ. ಐದನೆಯ ರಾತ್ರಿ ಮಲಗುವ ಹೊತ್ತಿಗೆ ಎಡಗೈ ಜೋಮು ಹಿಡಿದಂತಾಯಿತಂತೆ. ನಮ್ಮನ್ನು ಎಬ್ಬಿಸುವುದು ಬೇಡವೆಂದು ಬೆಳಗಿನವರೆಗೆ ಹಾಗೆಯೇ ಮಲಗಿದ್ದಾಳೆ. ಬೆಳಿಗ್ಗೆ ನೀರಿನ ಲೋಟ ಕೈಯಿಂದ ಜಾರಿತು, ಬಾಯಿ ಒಂದು ಕಡೆಗೆ ಎಳೆದಿತ್ತು. ಆಂಬುಲೆನ್ಸ್ ಕರೆಸಿದೆವು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಇವರು ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದು. ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಲಕ್ವ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಅವಧಿ ಅವಳು ಕತ್ತಲಲ್ಲಿ ಸುಮ್ಮನೆ ಮಲಗಿದ್ದಾಗಲೇ ಕಳೆದುಹೋಗಿತ್ತು. ಎರಡನೆಯ ಪ್ರಶ್ನೆ, ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ. ಅವ್ವನ ಮಗನಾದ ನನಗೆ ಗೊತ್ತಿರಲಿಲ್ಲ. ಅಲ್ಲಿ ಬೆಳಗಿನ ಏಳೂವರೆ, ದಾವಣಗೆರೆಯಲ್ಲಿ ಸಂಜೆ ಐದು. ನಮ್ಮ ಓಣಿಯ ಮೆಡಿಕಲ್ ಶಾಪಿಗೆ ಫೋನ್ ಮಾಡಿದೆ. ಅಲ್ಲಿನ ಹುಡುಗ ಹಳೆಯ ಬಿಲ್ಲು ಹುಡುಕಿ ಒಂದೊಂದೇ ಅಕ್ಷರ ಓದಿ ಹೇಳಿದ.

ಆ ಸಂಜೆ ಮನೆಗೆ ಬಂದು ಅವಳ ಎಲೆಅಡಿಕೆಯ ಸಂಚಿ ಬಿಚ್ಚಿದೆ. ಕ್ಯಾಲೆಂಡರಿನ ಹಾಳೆಯಲ್ಲಿ ಮಡಚಿದ ಅರ್ಧ ಮಾತ್ರೆಗಳು ಇದ್ದವು, ಕೆಲವು ಅಂಚು ಮುಕ್ಕಾಗಿದ್ದವು. ಪಕ್ಕದಲ್ಲಿ ಅವಳು ಊರಿನಿಂದ ತಂದಿದ್ದ ಅಡಕತ್ತರಿ. ಅದರ ಬಾಯಿಯ ಸಂದಿನಲ್ಲಿ ಅಡಿಕೆಯ ಕಂದು ಕರೆಯ ಮೇಲೆ ಬಿಳಿ ಪುಡಿ ಕೂತಿತ್ತು. ಏಕೆ ಹೀಗೆ ಮಾಡಿದೆ ಎಂದು ಕೇಳಿದಾಗ, ತೊದಲುತ್ತಾ, "ನಿಮಗ್ಯಾಕಪ ಖರ್ಚು ಅಂತ ಸುಮ್ನಿದ್ದೆ" ಎಂದಳು.

ಇನ್ನು ವಿಮೆ. ಮಾಡಿಸಲೇಬೇಕು, ವಿಮಾನ ಹತ್ತುವ ದಿನದಿಂದಲೇ. ಒಂದೊಂದು ಚಿಕಿತ್ಸೆಗೆ ಇಷ್ಟೇ ಎಂದು ಮೊತ್ತ ಗೊತ್ತುಮಾಡಿದ ಅಗ್ಗದ ಪಾಲಿಸಿ ಬೇಡ, ಒಟ್ಟು ಖರ್ಚಿನ ಬಹುಪಾಲನ್ನು ಕೊಡುವ ಪಾಲಿಸಿ ಇರಲಿ. ಮೊದಲೇ ಇರುವ ಕಾಯಿಲೆಗೆ ಇವು ಸಾಮಾನ್ಯವಾಗಿ ಹಣ ಕೊಡುವುದಿಲ್ಲ; ಕೆಲವು ಪಾಲಿಸಿಗಳು ಮಾತ್ರ, ಹಳೆಯ ಕಾಯಿಲೆ ಮುನ್ಸೂಚನೆಯಿಲ್ಲದೆ ಹಠಾತ್ತನೆ ಉಲ್ಬಣಿಸಿ, 24 ಗಂಟೆಯೊಳಗೆ ಚಿಕಿತ್ಸೆ ಪಡೆದರೆ ಒಂದು ಮಿತಿಯವರೆಗೆ ಕೊಡುತ್ತವೆ. ವಯಸ್ಸಿನ ಮಿತಿಯನ್ನೂ ಸೇರಿಸಿ ಆ ಕಲಮನ್ನು ಎರಡು ಸಲ ಓದಿ. ಅವ್ವನ ನಾಲ್ಕು ದಿನಗಳ ತಲೆನೋವು ಆಸ್ಪತ್ರೆಯ ದಾಖಲೆಯಲ್ಲಿ ಇದ್ದುದರಿಂದ ನಮ್ಮ ವಿಮಾ ಕಂಪನಿ ಹಣ ಕೊಡಲಿಲ್ಲ. ಆ ಸಾಲ ಕಂತು ಕಂತಾಗಿ ತೀರಿತು. ಊರಿಗೆ ಮರಳಿದ ಅವ್ವ ಇನ್ನೂ ಎಂಟು ವರ್ಷ ಬದುಕಿದ್ದಳು, ನಡೆದಾಡಿದಳು, ಮಾತೂ ಸರಿಹೋಯಿತು. ಆದರೆ ಎಡಗೈ ಬೆರಳುಗಳು ಬರಲಿಲ್ಲ. ಬಲಗೈ ಬಡಿಯುತ್ತಿದ್ದರೆ ಎಡಗೈ ತಿರುಗಿಸುತ್ತಿರಬೇಕು, ಆಗಲೇ ಜೋಳದ ರೊಟ್ಟಿ ದುಂಡಗಾಗುವುದು. ಅವಳು ಆಮೇಲೆ ಕೊಣಮಿಗೆಯ ಮುಂದೆ ಕೂರಲಿಲ್ಲ.

ಆದ್ದರಿಂದ ಹಣದ ಮಾತನ್ನು ತಂದೆತಾಯಿಯರ ಹತ್ತಿರ ಅವರು ಹೊರಡುವ ಮೊದಲೇ ಬಿಡಿಸಿ ಆಡಿರಿ. ಇಷ್ಟು ಹಣ ನಿಮ್ಮ ಆರೋಗ್ಯಕ್ಕೆಂದೇ ತೆಗೆದಿಟ್ಟಿದ್ದೇನೆ ಎಂದು ಅಂಕಿ ಸಮೇತ ಹೇಳಿರಿ. ಅಂಕಿ ಕೇಳಿದರೆ ನಮ್ಮ ಕಡೆಯ ಹಿರಿಯರು ನಂಬುತ್ತಾರೆ, ಸಮಾಧಾನದ ಮಾತನ್ನು ನಂಬುವುದಿಲ್ಲ. ಅಮೆರಿಕದಲ್ಲಿ 1986ರಿಂದ ಒಂದು ಕಾನೂನಿದೆ: ತುರ್ತು ವಿಭಾಗಕ್ಕೆ ಬಂದವರನ್ನು, ಕೈಯಲ್ಲಿ ಹಣವಿರಲಿ ಇಲ್ಲದಿರಲಿ, ಪರೀಕ್ಷಿಸಿ ಅಪಾಯದಿಂದ ಪಾರುಮಾಡುವವರೆಗೆ ನೋಡಿಕೊಳ್ಳಲೇಬೇಕು. ಬಿಲ್ಲು ಆಮೇಲೆ ಬರುತ್ತದೆ, ಅದನ್ನು ವಿವರವಾಗಿ ಕೇಳಿ ಪಡೆದು ಕಡಿಮೆ ಮಾಡಿಸಿಕೊಳ್ಳಲು ಪ್ರಯತ್ನಿಸಬಹುದು. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಎದೆ ಒತ್ತಿದಂತಾದರೆ, ನಿಮ್ಮ ಅಪ್ಪಣೆಗೆ ಕಾಯದೆ 911 ಒತ್ತುವುದನ್ನು ತಂದೆಯವರಿಗೆ ಕಲಿಸಿರಿ. ಮನೆಯ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿರಿ. ವಾರಕ್ಕೊಮ್ಮೆ ಅವರ ಎದುರಿಗೇ ಕುಳಿತು ಮಾತ್ರೆಗಳನ್ನು ಎಣಿಸಿರಿ. ಲೆಕ್ಕಕ್ಕಿಂತ ಹೆಚ್ಚು ಉಳಿದಿದ್ದರೆ ಬೈಯದೆ ಕಾರಣ ಕೇಳಿರಿ.

ಡಾಕ್ಟರುಗಳ ಬಗ್ಗೆ ಕೇಳಿದ್ದೀರಿ. ಒಳ್ಳೆಯವರಿದ್ದಾರೆ. ಇಲ್ಲಿಯಂತೆ ಹೋದ ಕೂಡಲೇ ನೋಡುವುದಿಲ್ಲ. ಸಣ್ಣಪುಟ್ಟದ್ದಕ್ಕೆ ಅರ್ಜೆಂಟ್ ಕೇರ್ ಎಂಬ ಚಿಕಿತ್ಸಾಲಯಗಳಿವೆ, ತುರ್ತು ವಿಭಾಗಕ್ಕಿಂತ ಅಲ್ಲಿ ಖರ್ಚು ಬಹಳ ಕಡಿಮೆ. ಹಲ್ಲು ಮತ್ತು ಕಣ್ಣನ್ನು ಮಾತ್ರ ಹೊರಡುವ ಮೊದಲೇ ತೋರಿಸಿಬಿಡಲಿ. 1965ರಿಂದ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಇರುವ ಊರು ನಮ್ಮದು, ದಂತ ವೈದ್ಯಕೀಯ ಕಾಲೇಜುಗಳೂ ಇವೆ. ಇಲ್ಲಿ ಓದಿದ ಎಷ್ಟೋ ಜನ ಹೊರದೇಶಗಳಲ್ಲಿ ಡಾಕ್ಟರಾಗಿದ್ದಾರೆ.

ನಾನು ಈ ತಿಂಗಳ 28ರವರೆಗೆ ಇಲ್ಲಿಯೇ ಇರುತ್ತೇನೆ. ವಿದ್ಯಾನಗರ ದೂರವಲ್ಲ. ನೀವು ತಿಳಿಸಿದರೆ ಒಂದು ಸಂಜೆ ಮನೆಗೆ ಹೋಗಿ, ತಂದೆಯವರ ಸ್ಟ್ರಿಪ್ಪುಗಳ ಮೂಲ ಹೆಸರುಗಳನ್ನೆಲ್ಲ ಬರೆದು, ತಾಯಿಯವರ ಸೀಸೆಯ ಮೇಲೆ 40 ಎಂದಿದೆಯೋ 100 ಎಂದಿದೆಯೋ ನೋಡಿ, ಎರಡರ ಫೋಟೋವನ್ನೂ ನಿಮಗೆ ಕಳುಹಿಸುತ್ತೇನೆ.