ಇಂಜೆಕ್ಷನ್ ನಡೆದಿದ್ದರೂ ಪಿಎಸ್‌ಎ ಏಕೆ ಏರುತ್ತದೆ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೂ ಹರಡಿದೆ. ಮೂರು ತಿಂಗಳಿಗೊಮ್ಮೆ ಲ್ಯುಪ್ರೊಲೈಡ್ ಇಂಜೆಕ್ಷನ್, ದಿನಕ್ಕೊಂದು ಬೈಕಾಲುಟಮೈಡ್ ಮಾತ್ರೆ ನಡೆದಿದೆ. ಟೆಸ್ಟೊಸ್ಟೆರಾನ್ 18ಕ್ಕೆ ಇಳಿದಿದೆ, ಆದರೆ 0.6 ಇದ್ದ ಪಿಎಸ್‌ಎ (ಪ್ರಾಸ್ಟೇಟ್ ಕೋಶಗಳು ತಯಾರಿಸುವ, ರಕ್ತಪರೀಕ್ಷೆಯಲ್ಲಿ ಅಳೆಯುವ ಪ್ರೊಟೀನ್) ಈಗ 4.8 ಆಗಿದೆ. ಕೆಲಸ ಮಾಡದ ಇಂಜೆಕ್ಷನ್ನಿಗೆ ದುಡ್ಡು ಸುರಿಯಬೇಕೇ? ನನಗೂ ಈ ಕಾಯಿಲೆ ಬರುತ್ತದೆಯೇ?

ಉತ್ತರ: ಇಂಜೆಕ್ಷನ್ ತನ್ನ ಕೆಲಸ ಮಾಡಿದೆ. ಈ ಕ್ಯಾನ್ಸರನ್ನು ಬೆಳೆಸುವ ಗಂಡು ಹಾರ್ಮೋನ್ ಟೆಸ್ಟೊಸ್ಟೆರಾನನ್ನು ಡೆಸಿಲೀಟರ್‌ಗೆ 50 ನ್ಯಾನೊಗ್ರಾಂಗಿಂತ ಕೆಳಗಿಳಿಸುವುದು ಅದರ ಗುರಿ, ನಿಮ್ಮ ತಂದೆಯವರದು 18. ಅದನ್ನು ನಿಲ್ಲಿಸಬೇಡಿ. ಬದಲಾಗಿರುವುದು ಹಾರ್ಮೋನ್ ಅಲ್ಲ, ಅದನ್ನು ಹಿಡಿದುಕೊಳ್ಳುವ ಆಂಡ್ರೊಜೆನ್ ರಿಸೆಪ್ಟರ್. ಜೀವಕೋಶದೊಳಗಿರುವ ಈ ಪ್ರೊಟೀನಿಗೆ ಹಾರ್ಮೋನ್ ಅಂಟಿಕೊಂಡ ಕೂಡಲೇ ಅದು ಕೋಶಕೇಂದ್ರಕ್ಕೆ ಹೋಗಿ ಡಿಎನ್‌ಎ ಮೇಲೆ ಕೂರುತ್ತದೆ, ಬೆಳವಣಿಗೆಯ ಜೀನುಗಳನ್ನು ಎಬ್ಬಿಸುತ್ತದೆ. ಪಿಎಸ್‌ಎ ತಯಾರಾಗುವುದೂ ಅದರ ಅಪ್ಪಣೆಯಿಂದಲೇ. ಹಾಗಾಗಿ ಪಿಎಸ್‌ಎ ಏರಿದೆ ಎಂದರೆ ರಿಸೆಪ್ಟರ್ ಮತ್ತೆ ಚುರುಕಾಗಿದೆ ಎಂದೇ ಬಹುಪಾಲು ಅರ್ಥ.

ಹೇಗೆ? ಕೆಲವು ಗಡ್ಡೆಗಳು ರಿಸೆಪ್ಟರ್‌ ಜೀನಿನ ಪ್ರತಿಗಳನ್ನೇ ಹೆಚ್ಚಿಸಿಕೊಳ್ಳುತ್ತವೆ. ಆಗ ಪಿಸುಮಾತಿಗೂ ಕಿವಿ ನಿಮಿರಿದ ಹಾಗೆ, ಅತ್ಯಲ್ಪ ಹಾರ್ಮೋನೇ ಸಾಕಾಗುತ್ತದೆ. ಕೆಲವು ಗಡ್ಡೆಗಳು ಹಾರ್ಮೋನನ್ನು ತಾವೇ ತಯಾರಿಸಿಕೊಳ್ಳುತ್ತವೆ. ಎಆರ್-ವಿ7 ಎಂಬ ಮೊಟಕು ರಿಸೆಪ್ಟರ್‌ಗಂತೂ ಹಾರ್ಮೋನ್ ಹಿಡಿಯುವ ಭಾಗವೇ ಇರುವುದಿಲ್ಲ, ಸದಾ ಚಾಲೂ. ಇನ್ನು ಕೆಲವು ರೂಪಾಂತರಗಳಲ್ಲಿ, ತಡೆಯಬೇಕಾದ ಬೈಕಾಲುಟಮೈಡೇ ರಿಸೆಪ್ಟರ್‌ಗೆ ಕುಮ್ಮಕ್ಕು ಕೊಡುತ್ತದೆ. ಅದಕ್ಕೇ ವೈದ್ಯರು ಮೊದಲು ಆ ಮಾತ್ರೆ ಬಿಡಿಸಿ ನೋಡಬಹುದು. ಅದು ದೇಹದಿಂದ ನಿಧಾನ ಹೊರಹೋಗುವುದರಿಂದ ಸುಮಾರು ಆರು ವಾರ ಕಾಯಬೇಕು. ಕೆಲವರಲ್ಲಿ ಅಷ್ಟರಿಂದಲೇ ಪಿಎಸ್‌ಎ ಇಳಿಯುತ್ತದೆ.

ಮುಂದಿನ ಹೆಜ್ಜೆ ಸಾಮಾನ್ಯವಾಗಿ ರಿಸೆಪ್ಟರನ್ನು ಇನ್ನೂ ಬಲವಾಗಿ ತಡೆಯುವ ಎಂಜಲುಟಮೈಡ್ ಅಥವಾ ಹಾರ್ಮೋನ್ ತಯಾರಿಯನ್ನೇ ತಡೆಯುವ ಅಬಿರಾಟೆರೋನ್. ಎರಡನೆಯದು 250 ಮಿ.ಗ್ರಾಂನ ನಾಲ್ಕು ಮಾತ್ರೆ, ದಿನಕ್ಕೊಮ್ಮೆ, ಖಾಲಿ ಹೊಟ್ಟೆಯಲ್ಲಿ: ಊಟವಾಗಿ ಎರಡು ಗಂಟೆ ಕಳೆದಿರಬೇಕು, ನುಂಗಿದ ಮೇಲೆ ಒಂದು ಗಂಟೆ ಏನೂ ತಿನ್ನಬಾರದು. ಇಡ್ಲಿಯ ಜೊತೆ ನುಂಗಿದರೆ ಔಷಧ ಹಲವು ಪಟ್ಟು ಹೆಚ್ಚು ರಕ್ತ ಸೇರುತ್ತದೆ. ಜೊತೆಗೆ ಕೊಡುವ ಪ್ರೆಡ್ನಿಸೊಲೋನ್ ಮಾತ್ರ ತಿಂದ ಮೇಲೆ. ‘ಸ್ಟೀರಾಯ್ಡ್ ಬೇಡಪ್ಪಾ’ ಎಂದು ಅದನ್ನು ಬಿಡುವವರಿದ್ದಾರೆ. ಬಿಟ್ಟರೆ ಪೊಟ್ಯಾಸಿಯಂ ಇಳಿದು, ಬಿಪಿ ಏರಿ, ಕಾಲು ಊದಿಕೊಳ್ಳಬಹುದು. ಮೊದಲ ಮೂರು ತಿಂಗಳು ಎರಡು ವಾರಕ್ಕೊಮ್ಮೆ ಲಿವರ್ ಪರೀಕ್ಷೆ ತಪ್ಪಿಸಬೇಡಿ. ಫಿಟ್ಸ್ ಬಂದ ಇತಿಹಾಸವಿದ್ದರೆ ಎಂಜಲುಟಮೈಡ್ ಬರೆಯುವ ಮೊದಲೇ ತಿಳಿಸಿ.

ನಿಮ್ಮ ವಿಷಯ: ರಿಸೆಪ್ಟರ್ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಮಗನಿಗೆ ತಂದೆಯಿಂದ ಬರುವುದು ವೈ. ಮೇಲೆ ಹೇಳಿದ ಬದಲಾವಣೆಗಳೂ ಗಡ್ಡೆಯೊಳಗೇ ಹುಟ್ಟಿದವು, ನಿಮಗೆ ಬರುವುದಿಲ್ಲ. ವಂಶಪಾರಂಪರ್ಯವಾಗಿ ಬರಬಲ್ಲದ್ದು ಬಿಆರ್‌ಸಿಎ2ನಂಥ ಬೇರೆ ಜೀನುಗಳ ದೋಷ. ತಂದೆಗೆ ಆ ಪರೀಕ್ಷೆ ಮಾಡಿಸಿ, ನೀವು 45ರ ಒಳಗೇ ಪಿಎಸ್‌ಎ ಬಗ್ಗೆ ಯೂರಾಲಜಿಸ್ಟ್ ಹತ್ತಿರ ಮಾತಾಡಿ.

ಪ್ರಶ್ನೆ: 31 ವರ್ಷ. ಜಿಮ್‌ನಲ್ಲಿ ಹೇಳಿದರೆಂದು ಟೆಸ್ಟೊಸ್ಟೆರಾನ್ ಚುಚ್ಚಿಸಿಕೊಳ್ಳುತ್ತಿದ್ದೆ. ಮಕ್ಕಳಾಗಲಿಲ್ಲವೆಂದು ಪರೀಕ್ಷಿಸಿದರೆ ವೀರ್ಯಾಣು ಸೊನ್ನೆ. ಗಂಡು ಹಾರ್ಮೋನ್ ಇಷ್ಟಿದ್ದೂ ಹೀಗೇಕೆ?

ಉತ್ತರ: ಇಷ್ಟಿರುವುದರಿಂದಲೇ. ವೀರ್ಯಾಣುವಾಗುವ ಕೋಶಗಳು ಹಾರ್ಮೋನಿನ ಮಾತು ನೇರವಾಗಿ ಕೇಳುವುದಿಲ್ಲ. ಅವನ್ನು ಸಾಕುವ ಸರ್ಟೋಲಿ ಕೋಶಗಳಲ್ಲಿ ರಿಸೆಪ್ಟರ್ ಇದೆ. ಅವಕ್ಕೆ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಟೆಸ್ಟೊಸ್ಟೆರಾನ್ ವೃಷಣದೊಳಗೇ ಬೇಕು. ಹೊರಗಿನಿಂದ ಚುಚ್ಚಿದಾಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ವೃಷಣವನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನುಗಳಾದ ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ನಿಲ್ಲಿಸುತ್ತದೆ. ರಕ್ತದಲ್ಲಿ ಹಾರ್ಮೋನ್ ಧಾರಾಳ, ವೃಷಣದಲ್ಲಿ ಬರ.

ಇಂಜೆಕ್ಷನ್ ಬಿಡಿ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಆದ್ದರಿಂದ ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿದರೆ ಸಾಕು. ಹೆಚ್ಚಿನವರಲ್ಲಿ ಆರು ತಿಂಗಳಿಂದ ಒಂದು ವರ್ಷದಲ್ಲಿ ಚೇತರಿಕೆ ಕಾಣುತ್ತದೆ, ಕೆಲವರಿಗೆ ಎರಡು ವರ್ಷ ಹಿಡಿಯುತ್ತದೆ. ಬೇಗ ಬೇಕಿದ್ದರೆ ಎಲ್‌ಎಚ್‌ನಂತೆಯೇ ವೃಷಣವನ್ನು ಎಬ್ಬಿಸುವ ಎಚ್‌ಸಿಜಿ ಇಂಜೆಕ್ಷನ್ ಇದೆ, ಆದರೆ ಅದನ್ನು ಜಿಮ್‌ನವರಲ್ಲ, ಡಾಕ್ಟರು ಬರೆಯಬೇಕು. ಸ್ಯಾಂಪಲ್ ಕೊಡುವ ಮೊದಲು 2ರಿಂದ 7 ದಿನ ಸಂಯಮವಿರಲಿ. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು. ಅವು ಡಬ್ಬಿಯ ಹೊರಗೆ ಬಿದ್ದರೆ ಲ್ಯಾಬಿನವರಿಗೆ ಹೇಳಿಬಿಡಿ, ಲೆಕ್ಕ ತಪ್ಪುತ್ತದೆ.

ಅಂದಹಾಗೆ, ಇಂಜೆಕ್ಷನ್ ತೆಗೆದುಕೊಳ್ಳದವರಲ್ಲೂ ಟೆಸ್ಟೊಸ್ಟೆರಾನ್, ಎಲ್‌ಎಚ್ ಎರಡೂ ಹೆಚ್ಚಿದ್ದು ವೀರ್ಯಾಣು ಕಡಿಮೆಯಿದ್ದರೆ ರಿಸೆಪ್ಟರೇ ಮಂದವಾಗಿರುವ ಸಾಧ್ಯತೆಯಿದೆ. ಅದಕ್ಕೆ ಜೀನ್ ಪರೀಕ್ಷೆ ಬೇಕು.

ಪ್ರಶ್ನೆ: 49 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್ ಆರಂಭದಲ್ಲೇ ಸಿಕ್ಕಿದೆ, ಆಪರೇಷನ್ ಹೇಳಿದ್ದಾರೆ. ನಮಗೆ ಮಗು ಬೇಕು.

ಉತ್ತರ: ಆಪರೇಷನ್ನಿಗೆ ಮೊದಲೇ, ಹಾರ್ಮೋನ್ ಇಳಿಸುವ ಇಂಜೆಕ್ಷನ್ ಇದ್ದರೆ ಮೊದಲ ಡೋಸ್‌ಗೂ ಮೊದಲೇ, ವೀರ್ಯ ಫ್ರೀಜ್ ಮಾಡಿಸಿ. ಎರಡು-ಮೂರು ದಿನ ಬಿಟ್ಟು ಎರಡು-ಮೂರು ಸ್ಯಾಂಪಲ್ ಕೊಟ್ಟರೆ ಒಳ್ಳೆಯದು. ಪ್ರಾಸ್ಟೇಟ್ ತೆಗೆದ ಮೇಲೆ ವೀರ್ಯ ಹೊರಬರುವುದಿಲ್ಲ. ಆದರೂ ವೃಷಣ ವೀರ್ಯಾಣು ತಯಾರಿಸುತ್ತಲೇ ಇರುತ್ತದೆ, ಸೂಜಿಯಿಂದ ತೆಗೆದು ಇಕ್ಸಿ (ಒಂದೇ ವೀರ್ಯಾಣುವನ್ನು ಲ್ಯಾಬಿನಲ್ಲಿ ಅಂಡಾಣುವಿನೊಳಗೆ ಸೇರಿಸುವುದು) ಮಾಡಬಹುದು. ಹಾರ್ಮೋನ್ ಇಂಜೆಕ್ಷನ್ ಹಾಗಲ್ಲ, ತಯಾರಿಯನ್ನೇ ನಿಲ್ಲಿಸುತ್ತದೆ. ತಡಮಾಡಬೇಡಿ: 2021ರ ಎಆರ್‌ಟಿ (ಕೃತಕ ಗರ್ಭಧಾರಣೆ) ಕಾಯ್ದೆಯ ಪ್ರಕಾರ ಈ ಚಿಕಿತ್ಸೆಗೆ ಗಂಡಸಿನ ವಯಸ್ಸು 55ಕ್ಕಿಂತ, ಹೆಂಗಸಿನದು 50ಕ್ಕಿಂತ ಕೆಳಗಿರಬೇಕು.