ಟೀವಿಯ ಮುಂದೆ ಗುಂಡಿಲ್ಲದ ಗುರಿ ಅಭ್ಯಾಸ

ಪ್ರಶ್ನೆ: ನನ್ನ ಮಗಳು 25 ಮೀಟರ್ ಪಿಸ್ತೂಲ್ ಸ್ಪರ್ಧೆಗೆ ತಯಾರಾಗುತ್ತಿದ್ದಾಳೆ. ಟೀವಿಯಲ್ಲಿ ಗುರಿಫಲಕದ ವಿಡಿಯೊ ಹಾಕಿಕೊಂಡು ಮನೆಯಲ್ಲಿ ಡ್ರೈ ಫೈರ್ (ಗುಂಡಿಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ) ಮಾಡಿದರೆ ಪ್ರಯೋಜನವಿದೆಯೇ?

ಉತ್ತರ: ಖಂಡಿತ ಇದೆ, ಅದರಲ್ಲೂ ಸ್ಪರ್ಧೆಯ ವೇಗದ ಹಂತಕ್ಕೆ. ಅಲ್ಲಿ ಕೆಂಪು ದೀಪ 7 ಸೆಕೆಂಡು ಇದ್ದು, ಹಸಿರು ದೀಪ ಬರೀ 3 ಸೆಕೆಂಡು ಉರಿಯುತ್ತದೆ. ಅಷ್ಟರೊಳಗೆ ಕೆಳಗಿಳಿಸಿದ ಕೈಯನ್ನು ಎತ್ತಿ, ಗುರಿ ಹಿಡಿದು, ಒಂದು ಗುಂಡು ಹಾರಿಸಬೇಕು. ಹೀಗೆ ಐದು ಸಲ ಬಣ್ಣ ಬದಲಾಗುವ ವಿಡಿಯೊ ಆ ಲಯವನ್ನು ಕೈಗೆ ಕಲಿಸುತ್ತದೆ.

ಅಳತೆ ಮಾತ್ರ ಸರಿಯಿರಬೇಕು. ಫಲಕದ ಕಪ್ಪು ವೃತ್ತದ ವ್ಯಾಸ 50 ಸೆಂಟಿಮೀಟರ್ ಆಗಿರುವುದರಿಂದ, 4 ಮೀಟರ್ ದೂರದಲ್ಲಿ ನಿಂತರೆ ಪರದೆಯ ಮೇಲೆ ಅದು 8 ಸೆಂಟಿಮೀಟರ್ ಕಾಣಬೇಕು. ಸ್ಕೇಲ್ ಹಿಡಿದೇ ನೋಡಿ. ಪರದೆಯ ಬೆಳಕನ್ನೂ ತಗ್ಗಿಸಿ, ಏಕೆಂದರೆ ಹೊಳೆಯುವ ಚಿತ್ರ ಕಣ್ಣನ್ನು ತನ್ನತ್ತ ಸೆಳೆಯುತ್ತದೆ, ಆದರೆ ದೃಷ್ಟಿ ನಿಲ್ಲಬೇಕಾದದ್ದು ಪಿಸ್ತೂಲಿನ ಮುಂದಿನ ಸೈಟ್ (ನಳಿಗೆಯ ತುದಿಯಲ್ಲಿರುವ ಗುರಿಕಡ್ಡಿ) ಮೇಲೆ. ಟ್ರಿಗರ್ ಒತ್ತಿದ ಕ್ಷಣ ಆ ಸೈಟ್ ಅಲುಗಿತೇ ಎಂಬುದನ್ನು ಅವಳು ಪ್ರತಿ ಸಲವೂ ಗಮನಿಸಲಿ.

.22 ಅಳತೆಯ ಗುಂಡಿನ ಪಿಸ್ತೂಲಿನ ಖಾಲಿ ಚೇಂಬರಿನ (ಗುಂಡು ಕೂರುವ ಜಾಗದ) ಮೇಲೆ ಟ್ರಿಗರ್ ಎಳೆದರೆ ಅದರ ಅಂಚಿಗೆ ಪೆಟ್ಟಾಗಬಹುದು. ಪಿಸ್ತೂಲಿನಲ್ಲಿ ಈ ಪೆಟ್ಟು ತಪ್ಪಿಸುವ ಡ್ರೈ ಫೈರ್ ವ್ಯವಸ್ಥೆ ಇದೆಯೇ ಎಂದು ತರಬೇತುದಾರರನ್ನು ಕೇಳಿಕೊಳ್ಳಿ. ಗುಂಡುಗಳು ಆ ಕೋಣೆಯಲ್ಲಿ ಇರಲೇಕೂಡದು. ಚೇಂಬರ್ ಖಾಲಿಯಿದೆಯೆಂದು ಪ್ರತಿದಿನ ನೀವೂ ಒಮ್ಮೆ ಕಣ್ಣಾರೆ ನೋಡಿ, ಆಮೇಲಷ್ಟೇ ಟೀವಿ ಹಾಕಿ.